ಊಫರ್ ಹಿಂದಿನ ನಟ್

ಮಾರ್ಚ್ 3, ಸೋಮವಾರ

ಎರಡೂ ಸ್ಪೀಕರ್ ಡಬ್ಬಗಳಿಗೆ ನಟ್ ಕೂರಿಸಿ ಮುಗಿಯಿತು. ಮರದ ಸ್ಕ್ರೂ ಬಿಟ್ಟು ಈ ಹಲ್ಲಿನ ನಟ್ ಹಿಡಿದಾಗಿನಿಂದ ನೆಮ್ಮದಿ. ಪ್ಲೈವುಡ್ಡಿಗೆ ಹಿಂದಿನಿಂದ ಬಡಿದು ಕೂರಿಸುವುದು, ಮುಂದಿನಿಂದ ಊಫರ್, ಅಂದರೆ ದಪ್ಪ ದನಿಯ ದೊಡ್ಡ ಸ್ಪೀಕರ್, ಇಟ್ಟು ಬೋಲ್ಟು ಬಿಗಿಯುವುದು. ಎಷ್ಟು ಸಲ ಬಿಚ್ಚಿದರೂ ತೂತು ಸಡಿಲಾಗದು. ಸುತ್ತಿಗೆ ಬೇಡ, ವಾಷರ್ ಕೊಟ್ಟು ಬೋಲ್ಟಿನಿಂದಲೇ ಮೆಲ್ಲಗೆ ಎಳೆದು ಕೂರಿಸಬೇಕು — ಯೂಟ್ಯೂಬ್ ಪಂಡಿತರ ಉಪದೇಶ. ನನಗೆ ಸುತ್ತಿಗೆ ಸಾಕು. ನಟ್ ಕೂತಿತೋ ಇಲ್ಲವೋ, ಏಟಿನ ಸದ್ದಿನಲ್ಲೇ ಗೊತ್ತಾಗುತ್ತದೆ.

ಹೆಂಡತಿ ಶಿವದೇವಿ ಬೀದರಿನಲ್ಲಿ, ತಂಗಿಯ ಮಗಳ ಬಾಣಂತನಕ್ಕೆ. ಕುಷಾಯಿಗೂಡದ ಈ ಶೆಡ್ಡಿನಲ್ಲಿ ನಾನೊಬ್ಬನೇ. ಅವಳು ಇದ್ದಿದ್ದರೆ ಡಬ್ಬ ಒರೆಸುತ್ತ, ಹಾಡು ಹಚ್ಚಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು. ಡಬ್ಬದ ಡೆಲಿವರಿ ತಡ ಗ್ಯಾರಂಟಿ. ಈ ಸಲ ಇವತ್ತೇ ಡಬ್ಬ ಹೊತ್ತ ಆಟೋ ಊರಿನ ಆ ತುದಿಯ ಮಣಿಕೊಂಡಕ್ಕೆ ಹೊರಟಿತು.

ಮಾರ್ಚ್ 6

ಡಬ್ಬ ಕೊಂಡ ಉಪೇಂದ್ರರ ಫೋನು. ರಾಯಚೂರಿನವರು, ಮಣಿಕೊಂಡದ ಹತ್ತಿರ ಆಫೀಸು.

"ಗುರುಬಸವಣ್ಣಾರ, ಎಡಗಡಿ ಡಬ್ಬದಾಗ ಝರ್ರ್ ಅಂತೈತ್ರಿ. ತಬಲಾ ಬಂತಂದ್ರ ಸಾಕು."

"ನಿಮ್ಮ ಕಿಟಕಿ ಗಾಜು ನೋಡ್ರಿ."

"ಕಿಟಕಿ ತೆಗದಽ ಇಟ್ಟೀನ್ರಿ."

ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ನನ್ನ ಡಬ್ಬ ಒಂದೂ ವಾಪಸ್ ಬಂದಿಲ್ಲ. ತಗೊಂಡು ಬರ್ರಿ ಅಂದೆ.

ಮಾರ್ಚ್ 8, ಶನಿವಾರ

ತಂದರು. ತಬಲಾದ ರೆಕಾರ್ಡು ಹಚ್ಚಿದೆ. ಎಡಗೈಯ ಡಗ್ಗಾದ ದಪ್ಪ ದನಿ ಗುಂಡಗೆ, ತುಂಬಿಕೊಂಡು ಬರುತ್ತಿದೆ. "ಈಗ ಕೇಳ್ರಿ... ಈಗ!" ಉಪೇಂದ್ರ ಪ್ರತಿ ಏಟಿಗೂ ಬೆರಳೆತ್ತುತ್ತಿದ್ದರು. ನನಗೇನೂ ಕೇಳಿಸಲಿಲ್ಲ. ನಾಟಕ ಅಂದುಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಆಟೋದವನು ತೆಲುಗಿನಲ್ಲಿ ಕೇಳಿದ — ಡಬ್ಬದೊಳಗೆ ಜೇನು ಹೊಕ್ಕಿದೆಯೇ?

ಅವನಿಗೇಕೆ ನಾಟಕ?

ಡಬ್ಬ ಇಲ್ಲೇ ಇರಲಿ ಅಂದು ಕಳಿಸಿದೆ. ಮತ್ತೆ ತಬಲಾ ಹಚ್ಚಿ ಬೋಲ್ಟುಗಳ ಮೇಲೆ ಒಂದೊಂದಾಗಿ ಬೆರಳಿಟ್ಟೆ. ಕೆಳಗಿನ ಮೂಲೆಯದು ಬೆರಳಿಗೆ ನಡುಗಿತು. ಊಫರ್ ಬಿಚ್ಚಿ ನೋಡಿದರೆ — ಹಿಂದಿನ ನಟ್ ವಾರೆ, ಹಲ್ಲಿನ ಸುತ್ತ ಪ್ಲೈ ಸೀಳಿದೆ. ಬೋಲ್ಟು ಅರ್ಧದಲ್ಲೇ ಕಚ್ಚಿಕೊಂಡು ಬಿಗಿಯಾದ ಹಾಗೆ ತೋರಿದೆ. ಬಡಿದಾಗ ಮರ ಸೀಳಿದ ಸದ್ದು ಬಂದೇ ಇರಬೇಕು. ನನ್ನ ಕಿವಿಗೆ ಬೀಳಲಿಲ್ಲ.

ಹೆದರಿಕೆಯಾಯಿತು. ನಟ್ ಬದಲಾಯಿಸಬಹುದು. ಜನ ಇಷ್ಟು ದೂರ ಹುಡುಕಿಕೊಂಡು ಬರುವುದು ನನ್ನ ಕಿವಿಯನ್ನು ನಂಬಿ. ಅದೇ ಹೋದರೆ ನಾನು ಬರೀ ಹಲಗೆ ಕೊಯ್ಯುವವನು.

ಮಾರ್ಚ್ 17

ಇಷ್ಟು ದಿನ ಬರೆಯಲಿಲ್ಲ. ಶೆಡ್ಡಿನ ಬಾಗಿಲನ್ನೂ ಸರಿಯಾಗಿ ತೆರೆದಿಲ್ಲ.

ಶಿವದೇವಿ ಬಂದಳು. ಬ್ಯಾಗು ಇಡುವ ಮೊದಲೇ, "ಫೋನಿನ್ಯಾಗ ಕಳಿಸೀನಿ ಅಂದಿದ್ರಿ, ಈ ಡಬ್ಬ ಯಾಕ ವಾಪಸ್ ಬಂತು?"

ಗೀರು ಬಿದ್ದಿತ್ತು ಅಂದೆ. ಸುಳ್ಳು.

ನನ್ನ ಮುಖ ನೋಡಿದಳು. "ಝರ್ರ್ ಅಂದಿರಬೇಕು."

ಯಾರು ಹೇಳಿದರು ಅಂದೆ.

"ಯಾರು ಹೇಳಬೇಕ್ರಿ? ನಿಮಗ ಕುಕ್ಕರ್ ಸೀಟಿ ಕೇಳ್ಸಂಗಿಲ್ಲ, ಭಾಳ ದಿನ ಆತು. ಒರಸೂ ನೆವ ಮಾಡಿ ಹಾಡು ಹಚ್ಚಿ ಕೇಳತಿದ್ದೆ. ಎಲ್ಲೆರೆ ಝರ್ರ್ ಅಂದ್ರ, ನೀವು ಉಂಡು ಮಲಗಿದಾಗ ಬಿಚ್ಚಿ ಸರಿ ಮಾಡತಿದ್ದೆ. ನಿಮಗ ಹೇಳಾಕ ಮನಸ್ಸಾಗಲಿಲ್ಲ."

ಬೈಯಬೇಕೆನಿಸಿತು. ಒಂದು ಡಬ್ಬವೂ ವಾಪಸ್ ಬಂದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಮೆರೆದಿದ್ದೆನಲ್ಲ! ಭಾರಿ ನಾಚಿಕೆಯಾಯಿತು. ಅವಳ ಮೇಲೆ ಪ್ರೀತಿಯೂ ಉಕ್ಕಿತು, ಬಾಯಿಬಿಟ್ಟು ಹೇಳಲಿಲ್ಲ. ಚಹಾ ಮಾಡು ಅಂದೆ.

ಮಾರ್ಚ್ 20

ಸೀಳಿದ ಜಾಗಕ್ಕೆ ಹಿಂದಿನಿಂದ ಮರದ ತುಂಡು ಅಂಟಿಸಿ ಹೊಸ ತೂತು ಕೊರೆದೆ. ಸುತ್ತಿಗೆ ಮುಟ್ಟಲಿಲ್ಲ. ವಾಷರ್ ಕೊಟ್ಟು, ಬೋಲ್ಟು ತಿರುವುತ್ತ ನಟ್ಟನ್ನು ಎಳೆದು ಕೂರಿಸಿದೆ. ಹಲ್ಲು ಮರದೊಳಗೆ ಇಳಿಯುವುದು ಕೈಗೆ ತಿಳಿಯುತ್ತದೆ. ಪಂಡಿತರೇ ಗೆದ್ದರು.

ಶಿವದೇವಿ ಕಿವಿ ಡಾಕ್ಟರ ಮಾತು ತೆಗೆದಳು. ನೋಡೋಣ ಅಂದೆ.

ಮಾರ್ಚ್ 22, ಶನಿವಾರ

ಉಪೇಂದ್ರ ಬಂದರು. "ಸರಿ ಆತೇನ್ರಿ? ನೀವು ಕೇಳಿ ನೋಡಿದ್ರ್ಯಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಶಿವದೇವಿಯೂ ಹಿಂದಿನಿಂದ ಕಣ್ಸನ್ನೆ ಮಾಡಿದಳು — ಹೂಂ ಅನ್ರಿ.

"ನನಗ ಅದು ಕೇಳ್ಸಂಗಿಲ್ರಿ," ಅಂದೆ. "ಸಣ್ಣ ಸದ್ದು ಕಿವಿಗೆ ಹತ್ತವಲ್ದು. ಈಕಿ ಕೇಳ್ತಾಳ. ಈಕಿ ಹೂಂ ಅಂದ್ರ ಒಯ್ರಿ."

ಉಪೇಂದ್ರ ನಾನು ಕೂರುವ ಸ್ಟೂಲನ್ನು ಎಳೆದು ಅವಳ ಮುಂದೆ ಇಟ್ಟರು.

ತಬಲಾ ಹಚ್ಚಿದೆ. ಶಿವದೇವಿ ಕಣ್ಣು ಮುಚ್ಚಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ ಏನೋ ಅಂದಳು. ಕೇಳಿಸಲಿಲ್ಲ. ಇಂಥ ಹೊತ್ತಿನಲ್ಲಿ ಸುಮ್ಮನೆ ನಕ್ಕು ತಲೆಯಾಡಿಸುವುದು ನನ್ನ ರೂಢಿ. ಇವತ್ತು ತಬಲಾ ನಿಲ್ಲಿಸಿದೆ.

"ಕೇಳ್ಸಲಿಲ್ಲ. ಇನ್ನೊಮ್ಮೆ ಹೇಳು."

ಎದ್ದು ಬಂದಳು. ಉಪೇಂದ್ರರ ಎದುರಿಗೇ, ನನ್ನ ಕಿವಿಯ ಹತ್ತಿರ ಬಾಯಿ ತಂದು ಜೋರಾಗಿ ಅಂದಳು: "ಹೂಂ. ಝರ್ರ್ ಇಲ್ರಿ, ಒಯ್ಯಲಿ."