ಹಿಂದಿನ ಸೀಟಿನ ಗನ್ನರ್

ಅಬುಧಾಬಿ, ೨೦೧೪

ಕ್ಯಾಮಿಲಸ್,

ನೀನು ತೀರಿಹೋಗುವಾಗ ಅರ್ಧಕ್ಕೆ ನಿಂತಿದ್ದ ಮೊದಲ ಮಹಾಯುದ್ಧದ ವಿಮಾನದ ಮಾಡೆಲನ್ನು, ಒಳಗಿನ ಎರಡು ಪುಟ್ಟ ಗೊಂಬೆಗಳನ್ನೂ ಅಂಟಿಸಿ ನಾನೇ ಮುಗಿಸಿ, ಇವತ್ತು ಖಾಲಿದಿಯಾದಲ್ಲಿ ನಿನ್ನ ಮಾಡೆಲ್ ಕ್ಲಬ್ಬಿನ ಪ್ರದರ್ಶನಕ್ಕೆ ಒಯ್ದೆ.

"ಎಂತ ಆಂಟಿ ಇದು?" ಎಂದ ನಿನ್ನ ಶಿಷ್ಯ ಡ್ಯಾರಲ್. "ಹಿಂದಿನ ಸೀಟಿನ ಗನ್ನರ್ ಬಾಲದ ಕಡೆ ನೋಡ್ಬೇಕು, ವೈರಿ ಬರುವುದು ಹಿಂದಿನಿಂದ ಅಲ್ವಾ? ನೀವು ಅವನನ್ನು ಪೈಲಟ್‌ನ ಬೆನ್ನು ನೋಡ್ಲಿಕ್ಕೆ ಕೂರಿಸಿದ್ದೀರಿ!"

ಎಲ್ಲರೂ ನಕ್ಕರು. "ಗಮ್ ಒಣಗಿದೆ, ಖಲಾಸ್!" ಎಂದು ರೇಗಿ ಎತ್ತಿಕೊಂಡು ಬಂದೆ.

ನನಗೆ ಹೇಗೆ ಗೊತ್ತಾಗಬೇಕು, ಮಾರಾಯ? ನಾನು ಆಸ್ಪತ್ರೆಯ ಡ್ಯೂಟಿ ಮುಗಿಸಿ ಮನೆಗೆ ಬಂದರೆ ನೀನು ಮೇಜಿಗೆ ಬಗ್ಗಿ ರೆಕ್ಕೆ ಅಂಟಿಸುತ್ತಿದ್ದೆ. ಮದುವೆಯಾದ ಮೇಲೆ ಒಂದು ದಿನವಾದರೂ ತಿರುಗಿ ನೋಡಿದ್ದೆಯಾ? ಹಿಂದೆ ಕೂತ ನನಗೆ ಕಂಡದ್ದು ನಿನ್ನ ಬೆನ್ನೊಂದೇ.

ಈಗ ಗನ್ನರ್‌ನನ್ನು ಕಿತ್ತು ತಿರುಗಿಸಲು ಚಾಕು ಹಿಡಿದೆ, ಮನಸ್ಸು ಬರಲಿಲ್ಲ. ಅವನಿಗಾದರೂ ಆ ಬೆನ್ನು ಕಾಣುತ್ತಿರಲಿ.

ಅಪೊಲೊನಿಯಾ