ಕೊನೆಯ ಪಾಯಿಂಟಿನ ಕೂಗು

ಬಾಳೆಗುಳಿ ಕ್ರಾಸ್, ಡಿಸೆಂಬರ್ ೨೦೦೬

ಕಿಶನಾ,

ಗೆದ್ದೆವು! ವಿಶ್ವವಿದ್ಯಾಲಯದ ವಾಲಿಬಾಲ್ ಕಪ್ ಈಗ ನನ್ನ ತೊಡೆಯ ಮೇಲಿದೆ. ಧಾರವಾಡದಿಂದ ಬಂದ ನಮ್ಮ ಬಸ್ಸನ್ನು ತಡೆದು ಅಂಕೋಲೆಯವರು ಪಟಾಕಿ ಹೊಡೆಯುತ್ತಿದ್ದಾರೆ. ಈ ವರ್ಷ ಒಂದು ಪಂದ್ಯವನ್ನೂ ಸೋಲಲಿಲ್ಲ ಕಣೋ. ನನ್ನ ಹಿಂದಿನ ಪತ್ರವನ್ನು ನೀನು ಒಡೆಯದೆ ವಾಪಸು ಕಳಿಸಿದೆ. ಇದನ್ನು ನಾನೇ ಕಳಿಸುವುದಿಲ್ಲ.

ಫೈನಲ್ಲಿನ ಐದನೇ ಸೆಟ್, ಹದಿನಾಲ್ಕು-ಹದಿಮೂರು. ಚೆಂಡು ಎತ್ತಿಕೊಡುವ ನಿನ್ನ ಜಾಗದಲ್ಲಿ ಶೆಟಗೇರಿಯ ಕೌಶಿಕ್ ಇದ್ದ. ನಾನು ಅವನ ಬೆನ್ನ ಹಿಂದೆ ಓಡಿಬರುತ್ತ "ಫಾಟಿಂ!" ಎಂದು ಕೂಗಿದೆ. ಹಿಂದಕ್ಕೆ ಎನ್ನುವ ನಿನ್ನ ಮನೆಯ ಕೊಂಕಣಿ ಮಾತು ಧಾರವಾಡದವರಿಗೆ ತಿಳಿಯಲಿಲ್ಲ. ಅವರ ಬ್ಲಾಕ್ ಮುಂದುಗಡೆಯೇ ಹಾರಿತು, ಕೌಶಿಕ್ ತಿರುಗಿಯೂ ನೋಡದೆ ಹಿಂದಕ್ಕೆ ಎತ್ತಿದ, ಖಾಲಿ ನೆಟ್ಟಿನ ಮೇಲಿಂದ ನಾನು ಸ್ಮ್ಯಾಶ್ ಹೊಡೆದೆ.

ಕೋಚ್ ನನ್ನನ್ನು ಎತ್ತಿ ಕುಣಿಸಿದರು. "ಆ ಕೂಗು ಯಾರು ಕಲ್ಸಿದ್ದಾ ಮಾರಾಯಾ?"

"ಚಿತ್ತಾಕುಲದ ಕಿಶನ" ಎಂದೆ. ಅಷ್ಟೇ ಹೇಳಿದೆ. ಹೋದ ವರ್ಷ ಆಯ್ಕೆಯ ದಿನ ಅವರು ನಿನ್ನ ಭುಜದ ಬಗ್ಗೆ ಕೇಳಿದಾಗಲೂ ಇಷ್ಟೇ ಚುಟುಕಾಗಿ ಮಾತಾಡಬಹುದಿತ್ತು ನಾನು. ನೀನು ಮುಚ್ಚಿಟ್ಟ ನೋವನ್ನೆಲ್ಲ ಬಿಚ್ಚಿ ಹೇಳಿಬಿಟ್ಟೆ, ನೀನು ತಂಡದಿಂದ ಹೊರಬಿದ್ದೆ.

ನಾಳೆ ನಮ್ಮ ಮೆರವಣಿಗೆ ಕಾಳಿ ಸೇತುವೆ ದಾಟಿ ನಿನ್ನೂರಿಗೂ ಬರುತ್ತದೆ. ಕಾಗದ ಒಡೆಯದವನಿಗೂ ನಮ್ಮ ತಂಡದ ಹನ್ನೆರಡು ಗಂಟಲಿನ ಆ "ಫಾಟಿಂ" ಕೂಗು ಕೇಳಲೇಬೇಕು.