ದಿಬ್ಬದಾಚೆಯ ಚಿಗರೆಮರಿ

ಟರ್ಮಿಟ್ ಬೆಟ್ಟದ ದಕ್ಷಿಣ ಮಗ್ಗುಲು, ನೈಜರ್
11 ಫೆಬ್ರವರಿ 2019

ಮುದ್ದು ಮಗ ತೊಗೋಯ್,

ಹೇಗಿದ್ದೀಯಪ್ಪಾ? ಚಿಕ್ಕಂದಿನಲ್ಲಿ ಒಂಟೆಯಿಂದ ಬಿದ್ದು ಹೊರಕ್ಕೆ ತಿರುಗಿದ ನಿನ್ನ ಎಡಪಾದ ಈ ಚಳಿಗೆ ನೋಯುತ್ತಿದೆಯೇ? ಕೊಬ್ಬು ಕಾಯಿಸಿ ಹಚ್ಚಿಕೋ. ಹಚ್ಚಿಕೊಳ್ಳುವುದಿಲ್ಲ, ಗೊತ್ತು, ಹೇಳುವುದನ್ನಂತೂ ನಾನು ಬಿಡುವುದಿಲ್ಲ. ನಾನು ಗಟ್ಟಿಯಾಗಿದ್ದೇನೆ. ಕಪ್ಪು ಒಂಟೆ ಈದಿದೆ, ಹಾಲಿಗೆ ಕೊರತೆಯಿಲ್ಲ.

ಸುರುಳಿ ಕೊಂಬಿನ ಬಿಳಿ ಚಿಗರೆ ಮರಿ ಹಾಕಿದೆ ಕಣೋ. ಎರಡು ವರ್ಷದಿಂದ ಈ ಕಡೆ ಒಂದು ಮರಿಯನ್ನೂ ಯಾರೂ ಕಂಡಿರಲಿಲ್ಲ. ಎಣ್ಣೆ ಬಾವಿ ತೋಡುವವರ ಲಾರಿಗಳಿಗೆ ಹೆದರಿ ಅವು ಮೇವಿನ ಬಯಲನ್ನೇ ಬಿಟ್ಟವು. ಉಳಿದವನ್ನು ಬಂದೂಕಿನವರು ಗಾಡಿಯಲ್ಲಿ ಅಟ್ಟಿ ಕೊಂದರು. ಈಗ ದಿಬ್ಬದಾಚೆಯ ತಗ್ಗಿನಲ್ಲಿ ಮೂರು ದೊಡ್ಡವು, ಒಂದು ಮರಿ, ಅಷ್ಟೇ ಸಂಸಾರ. ನಿನ್ನಜ್ಜ ಬಲೆ ಹಾಕಿ ಹಿಡಿಯುತ್ತಿದ್ದವನಾದರೂ ಮರಿಯಿರುವ ತಾಯಿಯನ್ನು ಮುಟ್ಟುತ್ತಿರಲಿಲ್ಲ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ್ದು ನೆನಪಿರಬೇಕು.

ಗುರುವಾರ ಬಂದೂಕಿನವರ ಗಾಡಿ ಮತ್ತೆ ಬಂತು. ಚಿಗರೆಗಳ ಕಾವಲಿನ ಕೆಲಸದಲ್ಲಿರುವ ನಿನ್ನ ಮಾವ ಅಲ್ಲಾಚಿ ಒಂಟೆ ಹತ್ತಿ ಬರುವುದರೊಳಗೆ ಎಲ್ಲ ಮುಗಿಯಿತು ಅಂದುಕೊಂಡೆ. ನನ್ನ ಸಂಕಟ ಅದೊಂದೇ ಅಲ್ಲ. ಬಾವಿಯ ಹತ್ತಿರ ಹೆಂಗಸರು, "ನಿನ್ನ ಮಗ ಚಿನ್ನ ಅಗೆಯೋಕೆ ಹೋಗಿಲ್ಲ ಕಣೇ, ಬಂದೂಕಿನೋರಿಗೆ ದಾರಿ ತೋರಿಸ್ತಿದಾನಂತೆ" ಅಂದಿದ್ದರು. "ನಿಮ್ಮ ನಾಲಿಗೆಗೆ ಮುಳ್ಳು ಚುಚ್ಚ" ಎಂದು ಬೈದು ಬಂದೆ; ಅಂದಿನಿಂದ ಸರಿಯಾಗಿ ಉಂಡಿರಲಿಲ್ಲ.

ಗುಂಡಿನ ಸದ್ದು ಕೇಳಲೇ ಇಲ್ಲ. ಅಲ್ಲಾಚಿ ಹೋಗಿ ನೋಡಿ, ನಗುತ್ತಾ ಬಂದ. "ಅಕ್ಕಾ, ದಿಬ್ಬದ ಬುಡದ ತನಕ ಬಂದು ಬಲಕ್ಕೆ ತಿರುಗಿಕೊಂಡು ಹೋಗಿದಾರೆ. ಅವರಿಗೆ ದಾರಿ ತೋರಿಸೋನಿಗೆ ಕಣ್ಣೇ ಇಲ್ಲ ಅಂತ ಕಾಣುತ್ತೆ" ಅಂದ. ನಾಲ್ಕೂ ಕ್ಷೇಮವಾಗಿವೆ. ಎದೆ ಹಗುರಾಯಿತು. ಆ ದಿನ ಹೊಟ್ಟೆ ತುಂಬ ಗಂಜಿ ಕುಡಿದೆ.

ನಿನ್ನ ನೀರಿನ ಚೀಲ ಬರಿದಾಗದಂತೆ ಅಲ್ಲಾಹ್ ನೋಡಿಕೊಳ್ಳಲಿ.

ನಿನ್ನ ತಾಯಿ
ಕಲ್ತೂಮಾ

ಮರೆತ ಮಾತು: ಪತ್ರ ಒಯ್ಯುವವನು ಒಂಟೆ ಎಬ್ಬಿಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ದಿನ ಅಲ್ಲಾಚಿಗಿಂತ ಮೊದಲೇ ನಾನು ಅಲ್ಲಿಗೆ ಹೋಗಿದ್ದೆ. ಗಾಡಿಯಿಂದ ಒಬ್ಬನೇ ಇಳಿದು ದಿಬ್ಬ ಹತ್ತಿದ್ದ ಗುರುತು ಮರಳಿನಲ್ಲಿತ್ತು. ಮೇಲೆ ನಿಂತರೆ ಮರಿ ಎದುರಿಗೇ ಕಾಣುತ್ತದೆ. ಅಲ್ಲಿ ಸ್ವಲ್ಪ ಹೊತ್ತು ಕೂತು, ಇಳಿದು, ಗಾಡಿಯನ್ನು ಬಲಕ್ಕೆ ತಿರುಗಿಸಿದ್ದಾನೆ. ಎಡಹೆಜ್ಜೆ ಹೊರಕ್ಕೆ ತಿರುಗಿತ್ತು. ಆ ಹೆಜ್ಜೆಗಳನ್ನೆಲ್ಲ ನನ್ನ ಶಾಲಿನಿಂದ ಒರೆಸಿ ಬಂದೆ, ಮಾವನಿಗೆ ಹೇಳಿಲ್ಲ. ಅವರನ್ನು ಬಿಟ್ಟು ಬಂದುಬಿಡು ಮಗನೇ. ಕಾವಲಿಗೆ ಇನ್ನೊಬ್ಬ ಬೇಕಂತೆ. ಮರಿ ಎಲ್ಲಿದೆ ಎಂದು ನಿನಗೆ ಗೊತ್ತೇ ಇದೆ.